ದಿಲ್ಲಿಗೆ ತಯಾರಿದ್ದ ಮುನ್ಶಿ ಸಾಹೇಬರು

ಮುನ್ಶಿ ಸಾಹೇಬರ ಕಪ್ಪು ಶೇರವಾನಿ ಹದಿನೆಂಟು ವರ್ಷ ದಿಲ್ಲಿಗೆ ಹೋಗಲು ತಯಾರಿತ್ತು. ಮುನ್ಶಿ ಸಾಹೇಬರೂ ತಯಾರಿದ್ದರು. ದಿಲ್ಲಿ ಮಾತ್ರ ತಯಾರಿರಲಿಲ್ಲ. ಹೋದ ತಿಂಗಳು ಅವರು ತೀರಿಕೊಂಡರು. ಶೇರವಾನಿ ಇನ್ನೂ ಹಾಗೇ ಇದೆ, ಒಳಗೆ ಬೇವಿನ ಎಲೆ ಹಾಕಿ ಮಡಿಸಿಟ್ಟಿದ್ದಾರೆ. ಅದನ್ನು ಈಗ ಏನು ಮಾಡಬೇಕೆಂದು ಅವರ ಸೊಸೆ ನನ್ನನ್ನು ಕೇಳಿದಳು. ನನಗೆ ಗೊತ್ತಿದ್ದರೆ ತಾನೆ ಹೇಳುವುದು.

ಅವರ ಹೆಸರು ಬರೆಯುವುದಿಲ್ಲ. ಬೀದರಿನ ತಹಶೀಲು ಕಚೇರಿಯ ಆಸುಪಾಸಿನಲ್ಲಿ ಮುನ್ಶಿ ಸಾಹೇಬರು ಅಂದರೆ ಅವರೊಬ್ಬರೇ. ನನಗೆ ಆ ಕಚೇರಿಯ ಎದುರಿಗೆ ಟೈಪಿನ ಅಂಗಡಿ. ಮೊದಲು ಮಷಿನ್ ಇತ್ತು, ಆಮೇಲೆ ಕಂಪ್ಯೂಟರ್ ಬಂತು, ಬೋರ್ಡಿನ ಮೇಲೆ ಇವತ್ತಿಗೂ 'ಟೈಪಿಂಗ್' ಎಂದೇ ಇದೆ. ನಾನು ಮೆಥೋಡಿಸ್ಟರ ಮನೆಯವಳು, ತಾಯಿ ಮಿಶನ್ ದವಾಖಾನೆಯಲ್ಲಿ ನರ್ಸ್ ಇದ್ದಳು. ಆಕೆಯಿಂದ ನನಗೆ ಬಂದದ್ದು ಎರಡು: ಬೆನ್ನು ನೇರ ಮಾಡಿ ಕೂರುವುದು, ಮತ್ತು ಎದುರಿಗಿದ್ದವರನ್ನು ಬೈಯುವುದು. ಅರ್ಜಿ ಬರೆಸಲು ಬಂದವರು ಸುತ್ತಿ ಬಳಸಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಮೂವತ್ತು ವರ್ಷದಲ್ಲಿ ನನ್ನ ಬೈಗುಳಕ್ಕೆ ಸಿಗದೆ ಉಳಿದವರು ಕಡಿಮೆ. ಮುನ್ಶಿ ಸಾಹೇಬರು ಉಳಿದವರಲ್ಲ. ಅವರಿಗೆ ಎಲ್ಲರಿಗಿಂತ ಹೆಚ್ಚು ಸಿಕ್ಕಿದೆ, ಅದನ್ನು ಮುಂದೆ ಹೇಳುತ್ತೇನೆ.

ಕಚೇರಿಯಲ್ಲಿ ಹಳೆಯ ಕಾಗದ ಇಡುವ ದಫ್ತರಖಾನೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ಮರುದಿನವೇ ಅವರು ನನ್ನ ಅಂಗಡಿಯ ಬೆಂಚಿಗೆ ಬಂದು ಕೂತರು. ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲ ಎಂದರು. ನಿಜಾಮರ ಕಾಲದ ಹಳೆಯ ಕಾಗದಗಳು ಉರ್ದುವಿನಲ್ಲಿವೆ, ಅದೂ ಒಂದು ಅಕ್ಷರ ಇನ್ನೊಂದರ ಮೇಲೆ ಬಿದ್ದು ಓಡುವ ಕೈಬರಹದಲ್ಲಿ. ಉರ್ದು ಬಲ್ಲವರು ಬೀದರಿನಲ್ಲಿ ಗಲ್ಲಿಗೊಬ್ಬರಂತೆ ಸಿಗುತ್ತಾರೆ, ಆ ಬರಹ ಓದಬಲ್ಲವರು ಆಗಲೇ ಇವರೊಬ್ಬರೇ ಉಳಿದಿದ್ದರು. ಭಾಲ್ಕಿಯಿಂದ, ಔರಾದದಿಂದ, ಜನವಾಡದಿಂದ ಜನ ಅಜ್ಜನ ಕಾಲದ ಕಾಗದ ಹಿಡಿದು ಬರುತ್ತಿದ್ದರು. ಅವರು ಓದಿ ಕನ್ನಡದಲ್ಲಿ ಬರೆದು ಕೊಡುವುದು, ನಾನು ಟೈಪು ಮಾಡುವುದು. ಹೀಗೆ ನಡೆಯಿತು.

ಕಾಗದ ಕೈಗೆ ಬಂದರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಆಮೇಲೆ ಬೆಳಕಿಗೆ. ಆಮೇಲೆ ಕೈ ತೊಳೆದುಕೊಂಡು ಬಂದು ಓದಲು ಕೂಡುತ್ತಿದ್ದರು. ಓದುವಾಗ ಚಹಾ ಮುಟ್ಟುತ್ತಿರಲಿಲ್ಲ, ಆರಿದ ಮೇಲೆ ಒಂದೇ ಗುಟುಕಿಗೆ ಕುಡಿದು, 'ಚಹಾ ಛಲೋ ಇತ್ರಿ' ಎನ್ನುತ್ತಿದ್ದರು. ಬೇಡವಾದ ಕಾಗದವನ್ನೂ ಹರಿಯಲು ಬಿಡುತ್ತಿರಲಿಲ್ಲ. ನಾನು ತಪ್ಪು ಟೈಪು ಮಾಡಿದ ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆದರೆ ಎದ್ದು ಹೋಗಿ ಎತ್ತಿ ತಂದು, ನೆಟ್ಟಗೆ ಮಾಡಿ, ತಮ್ಮ ಬಸ್ತಾದೊಳಗೆ ಇಡುತ್ತಿದ್ದರು. ಬಸ್ತಾ ಅಂದರೆ ಕಾಗದ ಕಟ್ಟುವ ಕೆಂಪು ಬಟ್ಟೆಯ ಗಂಟು.

'ತಪ್ಪಿದ ಕಾಗದ ಯಾಕ ಇಡ್ತೀರಿ?' ಎಂದರೆ, 'ಅದು ತಪ್ಪಿದ್ದಕ್ಕ ಅದೇ ಸಾಕ್ಷಿ ಅಲ್ಲೇನ್ರಿ ಬಾಯಿ' ಎನ್ನುತ್ತಿದ್ದರು. ನನ್ನನ್ನು ಅವರು ಮೊದಲ ದಿನದಿಂದ ಬಾಯಿ ಎಂದೇ ಕರೆದದ್ದು, ನಾನು ಅವರಿಗಿಂತ ಇಪ್ಪತ್ತೈದು ವರ್ಷಕ್ಕೆ ಚಿಕ್ಕವಳಾದರೂ.

ಪ್ರತಿ ಅನುವಾದದ ಕೊನೆಗೆ ಒಂದು ಸಾಲು ಇರಲೇಬೇಕು. 'ಓದಿದೆ, ತಿಳಿದೆ, ಬರೆದೆ. ಏನನ್ನೂ ಕೂಡಿಸಿಲ್ಲ, ಏನನ್ನೂ ಬಿಟ್ಟಿಲ್ಲ.' ಅದರ ಕೆಳಗೆ ಸಹಿ. ಈ ಸಾಲನ್ನು ಎಷ್ಟು ಸಲ ಟೈಪು ಮಾಡಿದೆನೋ, ಈಗಲೂ ಕಣ್ಣು ಮುಚ್ಚಿದರೆ ಬೆರಳು ತಾವೇ ಆಡುತ್ತವೆ. ಆಮೇಲಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿತು. ಅವರು ಕೈಯಲ್ಲಿ ಬರೆದು ಕೊಡುವ ಪ್ರತಿ ಹಾಳೆಯ ತಳದಲ್ಲಿ 'ಹಿಂಭಾಗ ಖಾಲಿ ಇದೆ' ಎಂದು ಬರೆಯತೊಡಗಿದರು. ಅವರು ಯಾವಾಗಲೂ ಹಾಳೆಯ ಒಂದೇ ಮಗ್ಗುಲಿಗೆ ಬರೆಯುವವರು, ಹಿಂಭಾಗ ಖಾಲಿ ಇರುವುದು ಕಾಗೆಗೂ ಗೊತ್ತು. ನಾನು ನಗುತ್ತಿದ್ದೆ. 'ಮುಂಭಾಗ ಭರ್ತಿ ಅದ ಅಂತನೂ ಬರೀರಿ' ಎನ್ನುತ್ತಿದ್ದೆ. ಅವರೂ ನಗುತ್ತಿದ್ದರು, ಮತ್ತು ಬರೆಯುತ್ತಿದ್ದರು. ವಯಸ್ಸಾದ ಗಂಡಸರಿಗೆ ಒಂದೊಂದು ಚಟ ಅಂಟಿಕೊಳ್ಳುತ್ತದೆ, ಇದು ಇವರದು ಎಂದುಕೊಂಡೆ.

ಇನ್ನು ದಿಲ್ಲಿಯ ಸಂಗತಿ. ನಮ್ಮ ಸರ್ಕಾರಕ್ಕೂ ಆಚೆಯ ಸರ್ಕಾರಕ್ಕೂ ಗಡಿಯ ಜಗಳವಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಭಾಲ್ಕಿ, ಔರಾದ ಕಡೆಯ ಊರುಗಳು ತಮಗೆ ಬೇಕೆಂದು ಆಚೆಯವರು, ಕೊಡುವುದಿಲ್ಲವೆಂದು ನಮ್ಮವರು. ಈ ಜಗಳ ದಿಲ್ಲಿಯ ಎಲ್ಲಕ್ಕಿಂತ ಮೇಲಿನ ಕೋರ್ಟಿಗೆ ಹೋಯಿತು. ಭಾಲ್ಕಿ ಕೋರ್ಟಿಗಲ್ಲ, ಹೈಕೋರ್ಟಿಗೂ ಅಲ್ಲ, ನೆಟ್ಟಗೆ ದಿಲ್ಲಿಗೆ. ಅದು ಹೇಗೆ ಎಂದು ನಾನು ಕೇಳಿದಾಗ ಮುನ್ಶಿ ಸಾಹೇಬರು ಸಂವಿಧಾನದ ನೂರಾ ಮೂವತ್ತೊಂದನೆಯ ಕಲಮು ಹೇಳಿದರು. 'ಮೂಲ ಅಧಿಕಾರ ವ್ಯಾಪ್ತಿ' ಎಂದು ನನ್ನಿಂದ ಎರಡು ಸಲ ಟೈಪು ಮಾಡಿಸಿದರು. ನನಗೆ ತಿಳಿಯಲಿಲ್ಲ. ಆಗ ಚಹಾದ ಬಟ್ಟಲು ಬದಿಗೆ ಸರಿಸಿ ಕೂತರು.

'ನೋಡ್ರಿ ಬಾಯಿ, ನಮ್ಮ ಮನ್ಯಾಗ ಮಕ್ಕಳು ಜಗಳಾಡಿದ್ರ ಮೊದಲು ಅಮ್ಮಿ ಹತ್ರ ಹೋಗ್ತಾವ. ಅಮ್ಮಿ ಹೇಳಿದ್ದು ಸೇರಲಿಲ್ಲಂದ್ರ ಅಬ್ಬಾ ಹತ್ರ. ಅದೂ ಸೇರಲಿಲ್ಲಂದ್ರ ದಾದಿ, ಅಂದ್ರ ಅಬ್ಬಾನ ಅವ್ವ. ದಾದಿ ಹೇಳಿದ್ದೇ ಆಖರಿ. ಇದಕ್ಕ ಅಪೀಲು ಅಂತಾರ. ಖರೆ ಅಮ್ಮಿ ಅಬ್ಬಾನೇ ಜಗಳಾಡಿದ್ರ? ಆ ಜಗಳ ಅಬ್ಬಾ ಹ್ಯಾಂಗ ಬಗಿಹರಸ್ತಾನ? ಆವಾಗ ಸೀದಾ ದಾದಿ. ಮೊದಲಿಗೂ ದಾದಿ, ಆಖರಿಗೂ ದಾದಿ. ಎರಡು ಸರ್ಕಾರದ್ದೂ ಹಂಗೇ.'

'ಆ ಜಗಳದಾಗ ಮಕ್ಕಳು ಮಾತಾಡಬಹುದೇನ್ರಿ?'

'ಇಲ್ರಿ. ಮಕ್ಕಳು ಹೊರಗ ಕುಂದರಬೇಕು.'

ಅವರಿಗೆ ಇದರಲ್ಲಿ ಬಹಳ ಹಿಡಿಸಿದ್ದ ಮಾತು ಇನ್ನೊಂದಿತ್ತು. ಅಪೀಲಿನಲ್ಲಿ ಮೇಲಿನ ಕೋರ್ಟು ಕೆಳಗಿನವರು ಬರೆದದ್ದನ್ನು ಓದಿದರೆ ಸಾಕು. ನೆಟ್ಟಗೆ ಬಂದ ದಾವೆಯಲ್ಲಿ ಕೆಳಗಿನವರು ಯಾರೂ ಇಲ್ಲ. ಕಾಗದ ತರಿಸುವುದು, ಅದು ಖರೆಯೋ ಸುಳ್ಳೋ ನೋಡುವುದು, ಸಾಕ್ಷಿಯನ್ನು ಕರೆಸಿ ಕೇಳುವುದು, ಎಲ್ಲವೂ ಮೊದಲಿನಿಂದ ಆಗಬೇಕು. 'ಅಷ್ಟು ದೊಡ್ಡ ಕೋರ್ಟೂ ಇದೊಂದು ದಾವಾದಾಗ ಭಾಲ್ಕಿ ಕೋರ್ಟ್ ಇದ್ದಂಗ್ರಿ' ಎನ್ನುತ್ತಿದ್ದರು. 'ಇಂಥ ಊರು, ಇಂಥ ಬಾವಿ, ಇಷ್ಟು ಮನಿ ಅಂತ ಕೇಳಬೇಕಾಗ್ತದ. ಆವಾಗ ಕಾಗದ ಓದಿದಾವ ಬೇಕೇ ಬೇಕಲ್ಲ.' ಓದಿದವರು ಇವರು. ಆದ್ದರಿಂದ ಶೇರವಾನಿ.

ಅವರು ಓದಿದ್ದು ಹೇಗೆಂದರೆ, ಒಂದು ಸೋಮವಾರ ನಮ್ಮ ಕಡೆಯ ಒಬ್ಬ ಅಧಿಕಾರಿ ಅಂಗಡಿಗೆ ಬಂದರು. ಭಾಲ್ಕಿ, ಔರಾದ ಕಡೆಯ ಊರುಗಳ ಹಳೆಯ ಉರ್ದು ಪಟ್ಟಿಯನ್ನು ಕನ್ನಡಕ್ಕೆ ಮಾಡಿಕೊಡಬೇಕು ಎಂದರು. ಅವರಿನ್ನೂ ಚಹಾ ಕುಡಿಯುತ್ತಿರುವಾಗಲೇ ಆಚೆಯ ಕಡೆಯ ಅಧಿಕಾರಿಯೂ ಬಂದರು. ಅವರಿಗೂ ಅದೇ ಪಟ್ಟಿ ಬೇಕಿತ್ತು. ನನ್ನ ಅಂಗಡಿಯಲ್ಲಿರುವುದು ಒಂದೇ ಬೆಂಚು. ಇಬ್ಬರೂ ಅದರ ಎರಡು ತುದಿಗೆ ಕೂತರು, ನಡುವೆ ಮುನ್ಶಿ ಸಾಹೇಬರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ತಾವು ಮೊದಲು ಬಂದಿರುವುದಾಗಿ ನನಗೆ ಹೇಳಿದರು.

'ಇಬ್ಬರಿಗಿ ಬಿ ಮಾಡಿ ಕೊಡ್ತೀನ್ರಿ' ಎಂದರು ಮುನ್ಶಿ ಸಾಹೇಬರು. 'ಕಾಗದ ಒಂದೇ, ನಾ ಒಬ್ಬನೇ, ಎರಡು ಥರ ಓದ್ಲಿಕ್ಕಿ ಬರಂಗಿಲ್ಲ.'

ನಾಲ್ಕು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ದಫ್ತರಖಾನೆಗೆ ಹೋಗಿ ಓದಿ, ಕೈಯಲ್ಲಿ ಬರೆದು ತರುವರು. ನಾನು ಟೈಪು ಮಾಡಿ ಎರಡು ಪ್ರತಿ ತೆಗೆಯುವೆ. ಆಮೇಲೆ ತಾಳೆ ನೋಡುವುದು: ನಾನು ಟೈಪು ಮಾಡಿದ್ದನ್ನು ಗಟ್ಟಿಯಾಗಿ ಓದಬೇಕು, ಅವರು ಬೆರಳಿಟ್ಟು ತಮ್ಮ ಕೈಬರಹ ನೋಡಬೇಕು. ಊರು, ಮನೆ, ಬಾವಿ, ಗಿಡ, ಗುಡಿ, ಮಸೂತಿ, ಶಾಲೆ. ಕೇಳಿ ಕೇಳಿ ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಭಾತಂಬ್ರಾದ ಬಾವಿಗಳು ಬಾಯಿಪಾಠವಾಗಿದ್ದವು. ತಾಳೆ ಆದ ಮೇಲೆಯೇ ಸಹಿ. ಒಂದು ದಿನವೂ ಇದು ತಪ್ಪಲಿಲ್ಲ, ಕೊನೆಯ ದಿನವೊಂದನ್ನು ಬಿಟ್ಟು.

ಕೊನೆಯ ದಿನ ನನ್ನ ತಾಯಿಯನ್ನು ದವಾಖಾನೆಗೆ ಸೇರಿಸಿದ್ದರು. ನಾನು ಕುರ್ಚಿಯಲ್ಲಿ ಕೂತಿದ್ದೆ, ಜೀವ ಅಲ್ಲಿತ್ತು. ಎರಡೂ ಕಡೆಯವರು ಅವತ್ತೇ ಪಟ್ಟಿ ಒಯ್ಯಲು ಬಂದು ಕೂತಿದ್ದರು. ಕೊನೆಯ ಹಾಳೆ ಟೈಪು ಮಾಡಿ, ಪ್ರಿಂಟು ತೆಗೆದು, ತಾಳೆ ನೋಡಲು ಕನ್ನಡಕ ಹಾಕಿಕೊಂಡೆ. ಮುನ್ಶಿ ಸಾಹೇಬರು ನನ್ನ ಮುಖ ನೋಡಿದರು.

'ನೀವು ನಡೀರಿ ಬಾಯಿ. ತಾಯಿ ಹತ್ರ ಹೋಗ್ರಿ.'

'ತಾಳಿ ನೋಡೋದು ಉಳದದಲ್ರಿ.'

'ನಿಮ್ಮ ಕೈ ಮ್ಯಾಲ ನಂಗ ಭರೋಸಾ ಅದ. ನಡೀರಿ.'

ಸಹಿ ಮಾಡಿ ಎರಡೂ ಕಡೆಯವರಿಗೆ ಕೊಟ್ಟರು. ನಾನು ಹೋದೆ. ತಾಯಿ ನನ್ನನ್ನು ನೋಡಿ, ಅಂಗಡಿ ಬಿಟ್ಟು ಯಾಕೆ ಬಂದೆ ಎಂದು ಬೈದಳು, ಮತ್ತು ಮೂರನೆಯ ದಿನ ಹೋಗಿಬಿಟ್ಟಳು. ಅವತ್ತು ಬಿಟ್ಟುಕೊಟ್ಟ ಆ ಅರ್ಧ ತಾಸಿಗೆ ನಾನು ಮುನ್ಶಿ ಸಾಹೇಬರ ಋಣದಲ್ಲಿದ್ದೇನೆ. ಇದನ್ನು ಅವರಿಗೆ ಒಂದು ಸಲವೂ ಹೇಳಲಿಲ್ಲ.

ಆಚೆಯವರು ಆ ಪಟ್ಟಿ ನೋಡಿ ತಮಗೆ ಬೇಕಾದ ಊರುಗಳನ್ನು ದಾವೆಯಲ್ಲಿ ಬರೆದರು. ನಮ್ಮವರು ಅದೇ ಪಟ್ಟಿ ನೋಡಿ ಉತ್ತರ ಬರೆದರು. ಒಂದೂವರೆ ವರ್ಷ ಕಳೆಯಿತು. ಒಂದು ದಿನ ಸಾಯಗಾಂವದ ಆಚೆಯ ಒಂದು ವಾಡಿಯಿಂದ, ಅಂದರೆ ಸಣ್ಣ ಹಳ್ಳಿಯಿಂದ, ಗ್ರಾಮ ಪಂಚಾಯಿತಿ ಮೆಂಬರ್ ಒಬ್ಬ ಪೇಪರಿನ ತುಂಡು ಹಿಡಿದು ಬಂದ. ಅದರಲ್ಲಿ ಜಗಳದಲ್ಲಿರುವ ಊರುಗಳ ಹೆಸರೆಲ್ಲ ಅಚ್ಚಾಗಿದ್ದವು. ಅವನ ವಾಡಿಯ ಸುತ್ತಲಿನ ಎಲ್ಲ ಊರುಗಳೂ ಇದ್ದವು, ಅವನ ವಾಡಿ ಇರಲಿಲ್ಲ. ಆ ವಾಡಿಯ ಹೆಸರನ್ನು ನಾನು ಕೊನೆಗೆ ಹೇಳುತ್ತೇನೆ, ಅದಕ್ಕೆ ಕಾರಣವಿದೆ.

ಮುನ್ಶಿ ಸಾಹೇಬರು ಆ ತುಂಡನ್ನು ನಾಲ್ಕು ಸಲ ಓದಿದರು. ಎದ್ದು ಮನೆಗೆ ಹೋದರು. ಮರುದಿನ ಬಂದು, ಚಹಾ ಬಿಸಿ ಇರುವಾಗಲೇ ಕುಡಿದು, 'ನಂದೇ ತಪ್ಪು. ನಾನೇ ಬಿಟ್ಟೀನಿ' ಎಂದರು.

'ಹ್ಯಾಂಗ ಬಿಟ್ರಿ?'

'ಮನುಷ್ಯಾ ಅಲ್ಲೇನ್ರಿ. ಬಿಟ್ಟದ.'

ಉಳಿದವರಾದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ತಾವೇ ವಾಡಿಗೆ ಹೋಗಿ ಹೇಳುತ್ತೇನೆಂದು ಹೊರಟರು. ಎಪ್ಪತ್ತರ ಹತ್ತಿರದ ಮನುಷ್ಯ ಒಬ್ಬರೇ ಹೋಗುವುದು ಬೇಡವೆಂದು ನಾನೂ ಅಂಗಡಿ ಮುಚ್ಚಿ ಹೊರಟೆ. ಭಾಲ್ಕಿಯವರೆಗೆ ಬಸ್ಸು, ಮುಂದೆ ಟಂಟಂ ಗಾಡಿ, ಅದರ ಮುಂದೆ ಎರಡು ಮೈಲಿ ತೊಗರಿ ಹೊಲದ ಬದುವಿನ ಮೇಲೆ ನಡಿಗೆ. ಅವರು ಶೇರವಾನಿ ಹಾಕಿಕೊಂಡಿರಲಿಲ್ಲ. ಅದು ದಿಲ್ಲಿಗೆ ಮಾತ್ರ.

ವಾಡಿಯಲ್ಲಿ ಬೋರಿ ಗಿಡದ ಕೆಳಗೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕೂಡಿದರು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮುನ್ಶಿ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡು ಆಕೆಯ ಮುಂದೆ ನಿಂತರು.

'ಆಯಿ, ದಿಲ್ಲಿ ಕೋರ್ಟಿನಾಗ ಎರಡು ಸರ್ಕಾರದ್ದು ಊರುಗೋಳ ಜಗಳ ನಡದದ. ಆ ಪಟ್ಟಿದಾಗ ನಿಮ್ಮ ವಾಡಿ ಬಿಟ್ಟದ. ನನ್ನ ಕೈಯಿಂದ ಬಿಟ್ಟದ. ಮಾಫಿ ಕೇಳ್ಲಿಕ್ಕಿ ಬಂದೀನ್ರಿ.'

ಮೆಂಬರ್ ಸಮಾಧಾನ ಹೇಳಿದ. 'ಛಲೋನೇ ಆಯ್ತಲ್ಲ ಆಯಿ. ಜಗಳದಾಗ ನಾವಿಲ್ಲ.'

ಆಯಿ ಅವನ ಕಡೆ ನೋಡಲೂ ಇಲ್ಲ. 'ಆ ಮ್ಯಾಗಿನ ಊರು ಪಟ್ಟಿದಾಗ ಅದ?' ಎಂದು ಕೇಳಿದಳು.

'ಅದರಿ.'

'ಅಲ್ಲಿ ಬ್ಯಾಸಗಿದಾಗ ಕುಡೀಲಿಕ್ಕಿ ನೀರಿಲ್ಲ. ಅದು ಇಬ್ಬರಿಗಿ ಬೇಕಾ?'

'ಹೌದ್ರಿ ಆಯಿ. ಇಬ್ಬರೂ ಬೇಕಂದಾರ.'

'ನಾವು ಯಾರಿಗಿ ಬ್ಯಾಡೇನು?'

ಆಯಿಯ ಮುಖ ನಿಜವಾಗಿಯೂ ಸಣ್ಣದಾಗಿತ್ತು. 'ಕರದು ಜಗಳಾಡ್ಲಿ. ಕರೀಲಾರದೇ ಬಿಡೋದು ಯಾವ ನ್ಯಾಯ?' ಎಂದಳು. ಆಮೇಲೆ, ಮುದುಕಿಯರು ಕೊನೆಗೆ ಇಟ್ಟುಕೊಂಡಿರುವ ಹಾಗೆ, ನಿಜವಾದ ಪ್ರಶ್ನೆ ಬಂತು. 'ನಮ್ಮಲ್ಲಿ ಸಾಲಿ ಇಲ್ಲ. ಹುಡುಗರು ಆ ಊರಿಗಿ ನಡಕೋತ ಹೋಗ್ತಾರ. ನಾಳಿಗಿ ಆ ಊರು ಆ ಸರ್ಕಾರಕ್ಕ ಹೋಯ್ತು ಅಂತ ತಿಳೀರಿ, ನಮ್ಮನ್ನ ಯಾರೂ ಕೇಳಿಲ್ಲ, ನಾವು ಇಲ್ಲೇ ಉಳದೀವಿ. ಆವಾಗ ಸಾಲಿಗಿ ಯಾರನ್ನ ಕೇಳಿ ಹೋಗಬೇಕು?'

ಮುನ್ಶಿ ಸಾಹೇಬರು ಇದನ್ನು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡರು, ಆಯಿ ಹೇಳಿದ ಹಾಗೆಯೇ, ಒಂದು ಮಾತೂ ಬಿಡದೆ. 'ದಿಲ್ಲಿಗಿ ಹೋದಾಗ ಇದನ್ನ ಹೇಳ್ತೀನ್ರಿ ಆಯಿ.'

'ಯಾವಾಗ ಹೋಗ್ತೀರಿ?'

'ಕರದ್ ಮ್ಯಾಲ.'

ಆಯಿ ಇಬ್ಬರಿಗೂ ಬೋರಿ ಹಣ್ಣು ಕೊಟ್ಟಳು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮುನ್ಶಿ ಸಾಹೇಬರನ್ನು ಬೈದೆ. ಇದನ್ನು ನೆನಪಿನಲ್ಲಿಡಿ. ಎಷ್ಟು ಸಲ ಹೇಳಿದೆ ಕನ್ನಡಕ ಬದಲಿಸಿ ಅಂತ, ಎಷ್ಟು ಸಲ ಹೇಳಿದೆ ಕಣ್ಣು ತೋರಿಸಿಕೊಳ್ಳಿ ಅಂತ, ಒಂದು ಇಡೀ ಊರನ್ನು ಬಿಟ್ಟು ಮತ್ತೆ 'ಏನನ್ನೂ ಬಿಟ್ಟಿಲ್ಲ' ಅಂತ ಸಹಿ ಬೇರೆ, ಆ ಮುದುಕಿಯ ಮುಖ ನೋಡಲು ಆಗಲಿಲ್ಲ ನನಗೆ. ಅವರು ಹಣ್ಣಿನ ಬೀಜವನ್ನು ಬದುವಿಗೆ ಉಗುಳುತ್ತ ಕೇಳಿಸಿಕೊಂಡರು. 'ಹೌದ್ರಿ ಬಾಯಿ, ಕಣ್ಣು ಸ್ವಲ್ಪ ಮಂದ ಆಗ್ಯಾವ' ಎಂದರು. ಭಾಲ್ಕಿಗೆ ಬಂದಾಗ ಸ್ಟ್ಯಾಂಡಿನ ಆ ತುದಿಯಲ್ಲಿ ನಿಂತ ಬಸ್ಸಿನ ಬೋರ್ಡು ಓದಿ, ಅದು ಬೀದರಿಗೆ ಹೋಗುವುದಲ್ಲ, ಔರಾದಕ್ಕೆ ಹೋಗುವುದು ಎಂದವರೂ ಅವರೇ. ನನಗೆ ಬೋರ್ಡು ಇರುವುದೇ ಕಂಡಿರಲಿಲ್ಲ. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಬೈಯುವವರ ತಲೆ ಬೇರೆ ಕೆಲಸಕ್ಕೆ ಖಾಲಿ ಇರುವುದಿಲ್ಲ.

ತಪ್ಪು ತಿದ್ದುವ ಕೆಲಸ ಶುರುವಾಯಿತು. ನಮ್ಮ ಕಡೆಯವರಿಗೆ ಬರೆದರು. ನಮ್ಮವರು, ಯಾರೂ ಕೇಳದ ಊರು ನಮ್ಮದೇ ಆಯಿತಲ್ಲ, ಸುಮ್ಮನಿರಿ ಎಂದರು. ಆಚೆಯವರಿಗೆ ಬರೆದರು. ಒಂದು ವಾಡಿಗಾಗಿ ಇಡೀ ದಾವೆ ತಿದ್ದಲು ಆಗುವುದಿಲ್ಲ, ಸುಮ್ಮನಿರಿ ಎಂದು ಅವರೂ ಹೇಳಿದರು. ಎರಡು ಸರ್ಕಾರಗಳು ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕೊನೆಗೆ ದಿಲ್ಲಿಗೇ ರಿಜಿಸ್ಟರ್ಡ್ ಪತ್ರ ಹಾಕಿದರು. 'ನನ್ನ ಕೈತಪ್ಪಿನಿಂದ' ಎಂದು ಶುರುವಾಗುವ ಆ ಪತ್ರವನ್ನು ನಾನೇ ಟೈಪು ಮಾಡಿದ್ದು. 'ಕೈತಪ್ಪಿನಿಂದ ಅಂತ ಬ್ಯಾಡ್ರಿ, ಕಣ್ತಪ್ಪಿನಿಂದ ಅಂತ ಹಾಕ್ತೀನಿ' ಎಂದು ತಿದ್ದಲು ಹೋಗಿದ್ದೆ. ಅವರು ಒಪ್ಪಲಿಲ್ಲ. ಎರಡು ಸಾಲಿನ ಉತ್ತರ ಬಂತು: ಇದು ಎರಡು ಸರ್ಕಾರಗಳ ನಡುವಿನ ದಾವೆ, ಬೇರೆ ಯಾರೂ ಇದರಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ನನಗೆ ರೇಗಿಹೋಯಿತು. ಅವರು ಮಾತ್ರ ಆ ಉತ್ತರವನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ ಬಸ್ತಾದೊಳಗೆ ಇಟ್ಟರು.

'ಬರಾಬರ್ ಅದರಿ. ಮಕ್ಕಳು ಹೊರಗ ಕುಂದರಬೇಕಂತ ನಾನೇ ಹೇಳಿದ್ನಲ್ಲ.'

'ಮತ್ತ ಆ ಆಯಿಗಿ ಏನ್ ಹೇಳ್ತೀರಿ?'

'ಸಾಕ್ಷಿ ಅಂತ ಕರೀತಾರ್ರಿ. ಕಾಗದ ಓದಿದಾವನ್ನ ಕರೀಲಾರದೇ ಹ್ಯಾಂಗ ಬಿಡ್ತಾರ? ಆವಾಗ ಹೇಳ್ತೀನಿ. ಸಾಕ್ಷಿಗಿ ಯಾರೂ ಬಾಯಿ ಮುಚ್ಚು ಅನ್ಲಿಕ್ಕಿ ಬರಂಗಿಲ್ಲ.'

ಶೇರವಾನಿ ಹೊಲಿಸಿದ್ದು ಆ ದಾವೆ ಶುರುವಾದ ವರ್ಷ. ಅಲ್ಲಿಂದ ಪ್ರತಿದಿನ ಅಂಗಡಿಗೆ ಬಂದು ಕೂಡುವ ಮೊದಲು ಕೇಳುವುದು ಒಂದೇ ಮಾತು. 'ದಿಲ್ಲಿಯಿಂದ ಏನರೆ ಬಂತೇನ್ರಿ ಬಾಯಿ?' ನಾನು ಬಂದಿಲ್ಲ ಎನ್ನುವುದು. 'ಬರ್ತದ್ರಿ. ದೊಡ್ಡವರಿಗಿ ಪುರಸತ್ತು ಬೇಕಲ್ಲ.' ವಿಳಾಸ ನನ್ನ ಅಂಗಡಿಯದೇ ಕೊಟ್ಟಿದ್ದರು. ಪೋಸ್ಟಿನವನು ದೂರದಲ್ಲಿ ಕಂಡರೆ ಟೊಪ್ಪಿಗೆ ಸರಿಮಾಡಿಕೊಳ್ಳುವರು. ದಾವೆಗೆ ತಾರೀಖು ಬೀಳುತ್ತಿತ್ತು, ಮುಂದೆ ಹೋಗುತ್ತಿತ್ತು. ಪೇಪರಿನಲ್ಲಿ ಗಡಿಯ ಸುದ್ದಿ ಬಂದ ದಿನ ಶೇರವಾನಿಯನ್ನು ಬಿಸಿಲಿಗೆ ಹಾಕುತ್ತಿದ್ದರಂತೆ, ಸೊಸೆ ಹೇಳಿದಳು.

ವರ್ಷಕ್ಕೊಮ್ಮೆ ಆ ವಾಡಿಗೂ ಹೋಗಿ ಬರುತ್ತಿದ್ದರು. ಹೇಳಲು ಏನೂ ಇರುತ್ತಿರಲಿಲ್ಲ, ಏನೂ ಬಂದಿಲ್ಲ ಎಂದು ಹೇಳಿ ಬರಲು ಹೋಗುವರು. ಸರ್ಕಾರದ ಮನುಷ್ಯರು ಬಂದು ಏನೂ ಆಗಿಲ್ಲ ಎಂದು ಹೇಳಿಹೋಗುವ ಊರು ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಎಂದು ಮೆಂಬರ್ ನನ್ನ ಮುಂದೆ ಹೆಮ್ಮೆಪಟ್ಟಿದ್ದ. ಆಯಿ ಪ್ರತಿಸಲ ಬೋರಿ ಹಣ್ಣು ಕೊಡುವಳು, ಕಾಲವಲ್ಲದಿದ್ದರೆ ಒಣಗಿಸಿದ್ದು. ಅದರಲ್ಲಿ ಅರ್ಧ ನನಗೆ.

ಕೊನೆಯ ಮೂರು ವರ್ಷ ಅವರಿಗೆ ನಿಜವಾಗಿಯೂ ಕಣ್ಣು ಮಂದವಾಗಿತ್ತು. ಉರ್ದು ಕಾಗದ ಹಿಡಿದು ಬಂದವರನ್ನು ವಾಪಸು ಕಳಿಸುವರು. ಓದದಿದ್ದರೂ ಬೆಂಚಿಗೆ ಬರುವುದು ಬಿಡಲಿಲ್ಲ. ಕಾಗದವನ್ನು ಮೂಗಿಗೆ ಹಿಡಿದು, 'ಇದು ಔರಾದ ಕಡೀದು, ಹೊಗಿಸೊಪ್ಪಿನ ವಾಸನಿ ಅದ' ಎನ್ನುವರು. ಅದು ಔರಾದದ್ದೇ ಆಗಿರುತ್ತಿತ್ತು, ಇಲ್ಲವೆನ್ನಲು ಅಲ್ಲಿ ಬೇರೆ ಯಾರಿಗೂ ಓದು ಬರುತ್ತಿರಲಿಲ್ಲ.

ಹೋದ ತಿಂಗಳು ಎರಡು ದಿನ ಬೆಂಚು ಖಾಲಿ ಇತ್ತು. ಮೂರನೆಯ ದಿನ ಸುದ್ದಿ ಬಂತು. ಮನೆಗೆ ಹೋದೆ. ಸೊಸೆ ಅತ್ತು ಮುಗಿಸಿ, ಒಳಗಿನಿಂದ ಕೆಂಪು ಬಸ್ತಾ ತಂದಳು. 'ಅಬ್ಬಾ ಹೇಳ್ಯಾರ್ರಿ, ಇದು ಟೈಪಿನ ಬಾಯಿಗಿ ಕೊಡ್ರಿ ಅಂತ.'

ಒಂದು ವಾರ ಅದನ್ನು ಬಿಚ್ಚಲಿಲ್ಲ. ಬಿಚ್ಚಿದಾಗ ಎಲ್ಲವೂ ಇತ್ತು. ನಾನು ಮುದ್ದೆ ಮಾಡಿ ಎಸೆದ ಹಾಳೆಗಳೂ ಇದ್ದವು, ಇಸ್ತ್ರಿ ಮಾಡಿದ ಹಾಗೆ. ದಿಲ್ಲಿಯ ಎರಡು ಸಾಲಿನ ಉತ್ತರವಿತ್ತು. ಅದರ ಜತೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದು ಕೈಬರಹದ ಹಾಳೆ, ಆ ಪಟ್ಟಿಯ ಕೊನೆಯದು, ನನ್ನ ತಾಯಿಯನ್ನು ದವಾಖಾನೆಗೆ ಸೇರಿಸಿದ ದಿನದ್ದು. ಮುಂಭಾಗದಲ್ಲಿ ಕೊನೆಯ ಆರು ಊರುಗಳು, ತಳದವರೆಗೆ ತುಂಬಿ. ಆ ಆರನ್ನೂ ನಾನು ಟೈಪು ಮಾಡಿದ್ದೆ. ಹಾಳೆ ತಿರುವಿದೆ.

ಹಿಂಭಾಗದಲ್ಲಿ ಏಳನೆಯ ಊರಿತ್ತು. ಅವತ್ತು ಅವರ ಹತ್ತಿರ ಕಾಗದ ಮುಗಿದಿರಬೇಕು, ಅಂಗಡಿಗೆ ಹೋಗಿ ತರಲು ಹೊತ್ತಿರಲಿಲ್ಲ, ಇಬ್ಬರು ಅಧಿಕಾರಿಗಳು ಬೆಂಚಿನ ಎರಡು ತುದಿಗೆ ಕೂತಿದ್ದರು. ನಾಲ್ಕು ತಿಂಗಳಲ್ಲಿ ಒಂದೇ ಒಂದು ಸಲ ಹಿಂಭಾಗದಲ್ಲಿ ಬರೆದಿದ್ದರು. ನಾನು ತಿರುವಿ ನೋಡಲಿಲ್ಲ.

ಅವರು ಬಿಟ್ಟಿರಲಿಲ್ಲ. ಬಿಟ್ಟವಳು ನಾನು. ಪೇಪರಿನ ತುಂಡು ಓದಿ ಮನೆಗೆ ಹೋದ ಆ ಸಂಜೆಯೇ ಈ ಹಾಳೆ ತೆಗೆದು ನೋಡಿದ್ದಾರೆ, ತಿಳಿದಿದ್ದಾರೆ, ಮರುದಿನ ಬಂದು ನಂದೇ ತಪ್ಪು ಎಂದಿದ್ದಾರೆ. ಸಹಿ ತಮ್ಮದು, ತಾಳೆ ನೋಡದೆ ಕಳಿಸಿದವರು ತಾವು ಎಂಬ ಲೆಕ್ಕ ಅವರದ್ದಿರಬಹುದು. ನನ್ನ ತಾಯಿ ಸತ್ತ ವಾರವನ್ನು ಮತ್ತೆ ಕೆದಕಬಾರದು ಎಂದೂ ಇರಬಹುದು. ಬದುವಿನ ಮೇಲೆ ನನ್ನ ಬೈಗುಳ ಕೇಳುತ್ತ ಬೀಜ ಉಗುಳಿದ್ದು ನೆನಪಾಯಿತು. ಅಂಗಡಿಯ ಬಾಗಿಲು ಎಳೆದುಕೊಂಡು ಅತ್ತೆ. ನಾಚಿಕೆಯಿಂದ ಅತ್ತೆ, ಅವರ ಮೇಲಿನ ಸಿಟ್ಟಿನಿಂದಲೂ ಅತ್ತೆ. ಒಂದು ಮಾತು ಹೇಳಿದ್ದರೆ ನನಗೇನು ಆಗುತ್ತಿತ್ತು?

ಹೇಳಲಿಲ್ಲ. ಅದರ ಬದಲು ಮರುವಾರದಿಂದ ಪ್ರತಿ ಹಾಳೆಯ ತಳದಲ್ಲಿ 'ಹಿಂಭಾಗ ಖಾಲಿ ಇದೆ' ಎಂದು ಬರೆದರು. ಬಸ್ತಾದೊಳಗಿನ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ, ಅದೇ ವಾರದಿಂದಲೇ. ನನಗಾಗಿ ಬರೆದದ್ದು, ನಾನು ಇನ್ನೊಂದು ಸಲ ತಪ್ಪಬಾರದು ಎಂದು. ನಾನು ಅದಕ್ಕೆ ನಗುತ್ತಿದ್ದೆ, ಅವರೂ ಜತೆಗೆ ನಗುತ್ತಿದ್ದರು. ಆ ಹಾಳೆಯನ್ನು ಹರಿದು ಹಾಕಿದ್ದರೆ ನನಗೆ ಎಂದೂ ತಿಳಿಯುತ್ತಿರಲಿಲ್ಲ. ನನ್ನನ್ನು ಉಳಿಸಲಿಕ್ಕೂ ಅವರಿಂದ ಒಂದು ಕಾಗದ ಹರಿಯುವುದು ಆಗಲಿಲ್ಲ, ಅದು ಅವರ ಸ್ವಭಾವ.

ಪ್ರತಿ ಭಾನುವಾರ ಚರ್ಚಿನಲ್ಲಿ ನಾವು ಮಾಡಬಾರದ್ದನ್ನು ಮಾಡಿದ್ದಕ್ಕೂ ಮಾಡಬೇಕಾದ್ದನ್ನು ಬಿಟ್ಟದ್ದಕ್ಕೂ ಕ್ಷಮೆ ಕೇಳುತ್ತೇವೆ. ಎಲ್ಲರೂ ಸೇರಿ ಒಂದೇ ದನಿಯಲ್ಲಿ ಹೇಳುವುದರಿಂದ ಯಾರದು ಯಾವುದೆಂದು ತಿಳಿಯುವುದಿಲ್ಲ. ನನಗೆ ಈಗ ನನ್ನದನ್ನು ಬೇರೆಯಾಗಿ ಹೇಳಬೇಕಿತ್ತು. ಎರಡೂ ಕಡೆಯ ಕಚೇರಿಗಳಿಗೆ ಬರೆದೆ, ಉತ್ತರವಿಲ್ಲ. ದಿಲ್ಲಿಗೆ ಬರೆಯಲು ಬರುವುದಿಲ್ಲ, ಮಕ್ಕಳು ಹೊರಗೆ ಕೂಡಬೇಕು. ಕೊನೆಗೆ ಭಾಲ್ಕಿಯ ಬಸ್ಸು ಹತ್ತಿ ವಾಡಿಗೆ ಹೋದೆ. ಆಯಿ ಇದ್ದಾಳೆ, ಕಿವಿ ಮಂದ. ನಾನು ಗಟ್ಟಿಯಾಗಿ ಹೇಳಬೇಕಾಯಿತು, ಹಾಗಾಗಿ ಊರಿಗೆಲ್ಲ ಕೇಳಿಸಿತು. ಮುನ್ಶಿ ಸಾಹೇಬರು ತೀರಿಕೊಂಡರು ಎಂದೆ. ಅವರು ನಿಮ್ಮ ಊರನ್ನು ಬಿಟ್ಟಿರಲಿಲ್ಲ, ನಾನು ಬಿಟ್ಟೆ ಎಂದೆ. ಹಾಳೆ ತೋರಿಸಿದೆ. ಆಯಿಗೆ ಓದು ಬರುವುದಿಲ್ಲ, ಆದರೂ ಎರಡೂ ಮಗ್ಗುಲು ತಿರುವಿ ನೋಡಿದಳು. ನಾನು ಮಾಡದೆ ಬಿಟ್ಟದ್ದನ್ನು ಆಕೆ ಮಾಡಿದಳು.

'ಇದರಾಗ ನಮ್ಮೂರು ಅದ?'

'ಅದರಿ ಆಯಿ.'

'ಮತ್ತ ನೀ ಬರಿ. ಅವರು ಬರದಾಂಗೇ ಬರಿ.'

ಆದ್ದರಿಂದ ಇದನ್ನು ಬರೆದೆ. ಕೇಳಬೇಕಾದ ಕೋರ್ಟಿಗೆ ಇದು ಹೋಗುವುದಿಲ್ಲ, ಗೊತ್ತು. ಹಾಳೆಯ ಹಿಂಭಾಗದಲ್ಲಿ ಅವರ ಕೈಯಲ್ಲಿ ಇದ್ದದ್ದನ್ನು, ಹದಿನೆಂಟು ವರ್ಷ ತಡವಾಗಿ, ತಾಳೆ ನೋಡಿ ಇಲ್ಲಿ ಇಳಿಸುತ್ತಿದ್ದೇನೆ.

ಬೋರವಾಡಿ. ಮನೆ ಮೂವತ್ತೆಂಟು. ಬಾವಿ ಒಂದು, ನೀರು ಸಿಹಿ. ಬೋರಿ ಗಿಡ ಒಂದು, ಕಟ್ಟೆ ಇದೆ. ಶಾಲೆ ಇಲ್ಲ, ಮಕ್ಕಳು ಪಕ್ಕದ ಊರಿಗೆ ಹೋಗುತ್ತಾರೆ.

ಓದಿದೆ, ತಿಳಿದೆ, ಬರೆದೆ. ಏನನ್ನೂ ಕೂಡಿಸಿಲ್ಲ, ಏನನ್ನೂ ಬಿಟ್ಟಿಲ್ಲ.

ಹಿಂಭಾಗ ಖಾಲಿ ಇದೆ.